ಸಾಗವಾನಿ ಕಪಾಟಿನ ಮೇಲೊಂದು ಕಲೆ

ಕಲೆ ಇದ್ದದ್ದು ತೊಗರಿಕಾಳಿನಷ್ಟು. ಮಂಗಳವಾರ ಬೆಳಿಗ್ಗೆ ಅದು ವಾಣಿಶ್ರೀಯ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಕುಂಬಳಕಾಯಿಯಷ್ಟಾಯಿತು.

"ಏನ್ರೀ, ಜಲ್ದಿ ಬರ್ರಿ ಇಲ್ಲೆ! ಹೊಸಾ ಕಪಾಟಿನ ಮಾರಿಗೆ ಮಸಿ ಬಳದಾರ!"

ಅವಳ ಗಂಡ, ಮುಳಗುಂದದ ಗಿರಣಿ ಉಳವಪ್ಪ, ಮೈಮೇಲಿನ ಹಿಟ್ಟು ಕೊಡವುತ್ತ ಬಂದ. ಹಿಂದಿನ ಸಂಜೆಯಷ್ಟೇ ಬೆಟಗೇರಿಯ ಅಂಗಡಿಯಿಂದ ಟೆಂಪೋದಲ್ಲಿ ಬಂದಿಳಿದ ಸಾಗವಾನಿ ಕಪಾಟು. ಓಣಿಯ ಅರ್ಧ ಜನ ಬಂದು, ಬಾಗಿಲು ತೆರೆದು, ಮುಚ್ಚಿ, ಒಳಗೆ ತಲೆ ಹಾಕಿ ವಾಸನೆ ನೋಡಿ ಹೋಗಿದ್ದರು. ಉಳವಪ್ಪನ ತಾಯಿ ಸಿದ್ದಲಿಂಗವ್ವ ಮಾತ್ರ ಕಪಾಟನ್ನು ಬಿಟ್ಟು ಬಂದವರ ಮುಖಗಳನ್ನೇ ನೋಡುತ್ತ ಕೂತಿದ್ದಳು. ಈಗ ಕೇಳೋಣವೆಂದರೆ ಆಕೆ ನಸುಕಿನ ಬಸ್ಸಿಗೇ ಅಸುಂಡಿಯ ಮಗಳ ಮನೆಗೆ ಹೋಗಿಯಾಗಿತ್ತು.

ಬಲಬಾಗಿಲಿನ ಮೇಲ್ತುದಿಯಲ್ಲಿ ಕಪ್ಪು ಕಲೆ. ಉಳವಪ್ಪ ಅಂಗೈಯಿಂದ ತಿಕ್ಕಿದ. ಹೋಗಲಿಲ್ಲ. ಉಗುಳು ಹಚ್ಚಿ ತಿಕ್ಕಿದ. ಅದು ಇನ್ನಷ್ಟು ಮಿಂಚಿತು.

"ಇರ್ಲಿ ಬಿಡು. ಅಷ್ಟು ಮ್ಯಾಲೈತಿ, ಯಾರು ನಿಚ್ಚಣಿಕಿ ಹಾಕಿ ನೋಡ್ತಾರ?"

"ಎರಡೂ ಎಡಗಾಲಿನ ಚಪ್ಪಲಿ ತಂದಾಗೂ ಇರ್ಲಿ ಬಿಡು ಅಂದ್ರಿ. ವರ್ಷಾನಗಟ್ಲೆ ಎಡಕ್ಕ ವಾಲಕೋಂತ ಅಡ್ಡಾಡಿದ್ರಿ. ಆ ಕತಿ ಹೇಳದಽ ನಮ್ಮಣ್ಣ ಒಂದು ಲಗ್ನದಾಗೂ ಊಟ ಮಾಡಿಲ್ಲ. ನಾಳೆ ಅವ ಲಕ್ಷ್ಮೇಶ್ವರದಿಂದ ಕಪಾಟ ನೋಡಾಕ ಬರ್ತಾನ. ಇಂದಽ ಬದಲಿ ಮಾಡಿಸಿಕೊಂಡು ಬರ್ರಿ, ಇಲ್ಲಾ ಗಿರಣ್ಯಾಗ ಹಾಸಿಗಿ ಹಾಸ್ಕೋರ್ರಿ."

ಚಪ್ಪಲಿಯ ಕತೆ ಉಳವಪ್ಪನಿಗೆ ಚಪ್ಪಲಿಯೇಟಿಗಿಂತ ಹೆಚ್ಚು ನೋಯುತ್ತಿತ್ತು. ಅವನು ಎದೆ ಸೆಟೆಸಿ ನಿಂತ. ಅಷ್ಟರಲ್ಲಿ ಪಕ್ಕದ ಮನೆಯ ಭೀಮೇಶ ಹಲ್ಲುಜ್ಜುತ್ತಲೇ ಒಳಗೆ ಬಂದ. ಹಿಂದೊಮ್ಮೆ ಕೆಟ್ಟ ಮಿಕ್ಸರನ್ನು ಅಂಗಡಿಗೆ ತಿರುಗಿಸಿ ಹೊಸದು ತಂದಂದಿನಿಂದ ಓಣಿಗೆಲ್ಲ ಅವನೇ ವಕೀಲ.

"ಉಳವಪ್ಪಣ್ಣಾ, ಇದಕ್ಕ ಕಾನೂನೈತಿ," ಎಂದು ಅವನೂ ಹೆಬ್ಬೆರಳಿನಿಂದ ಕಲೆಯನ್ನು ಗಸಗಸ ತಿಕ್ಕಿದ. "ಕೆಟ್ಟ ಮಾಲು ಕೊಟ್ರ ಬದಲಿ ಕೊಡಬೇಕು, ಇಲ್ಲಾ ರೊಕ್ಕ ತಿರಿಗಿ ಕೊಡಬೇಕು. ಎರಡೂ ಇಲ್ಲಂದ್ರ ಗ್ರಾಹಕರ ಆಯೋಗ! ಆದ್ರ ನೀ ಅಲ್ಲೆ ಬಂದು 'ಇರ್ಲಿ ಬಿಡ್ರಿ' ಅಂದೆಪಾ, ಕೇಸ್ ಅಲ್ಲೇ ಸತ್ತಂಗ."

"ಅನ್ನೂದುಲ್ಲ," ಎಂದ ಉಳವಪ್ಪ. ಹನ್ನೆರಡು ಫೋಟೋ ತೆಗೆದರು, ಬಿಲ್ಲು ಹುಡುಕಿದರು, ಬಸ್ಸು ಹತ್ತಿದರು.

ಗದಗ ಮುಟ್ಟುವ ಹೊತ್ತಿಗೆ ಉಳವಪ್ಪನ ಬಲ ಅಂಗೈ ತುರಿಸತೊಡಗಿತು. ಬೆಟಗೇರಿಯಲ್ಲಿ ಚಹಾ ಕುಡಿದು ಏಳುವಷ್ಟರಲ್ಲಿ ಅದು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತ್ತು. ಭೀಮೇಶನ ಹೆಬ್ಬೆರಳು ಊದಿ ಬದನೆಕಾಯಿಯಾಗಿತ್ತು.

ಅಂಗಡಿಯ ಮಾಲಕ ವಸೀಮ ತಾಳ್ಮೆಯ ಮನುಷ್ಯ. ಫೋಟೋಗಳನ್ನು ನೋಡಿ ತನ್ನ ಮೊಬೈಲಿನಿಂದಲೂ ಒಂದು ಫೋಟೋ ತೋರಿಸಿದ. "ನೋಡ್ರಿ ಅಣ್ಣಾರ, ಟೆಂಪೋ ಬಿಡೂ ಮುಂದ ತಗದದ್ದು. ಕನ್ನಡಿ ಇದ್ದಂಗ ಇತ್ತು."

"ಮನಿ ಮುಟ್ಟೂತನಕ ಜವಾಬ್ದಾರಿ ನಿಮ್ಮದು," ಎಂದ ಭೀಮೇಶ, ಬೆರಳು ಕೆರೆದುಕೊಳ್ಳುತ್ತ.

"ಮುಟ್ಟಿದ ಮ್ಯಾಲ ಆಗಿದ್ರ?"

ಆಗ ಉಳವಪ್ಪ ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಬಾತ ಅಂಗೈಯನ್ನು ಮೇಜಿನ ಮೇಲೆ ಬಡಿದು ಗಿರಣಿಯ ಸದ್ದಿನಲ್ಲೂ ಕೇಳುವಂಥ ದನಿ ತೆಗೆದ. "ಕಲೆ ಹೋಗ್ಲಿ, ಕೈ ನೋಡ್ರಿ! ಮುಟ್ಟಿದವರ ಕೈ ಹಿಂಗಾಗಬೇಕಂದ್ರ ಪಾಲಿಶ್‌ನ್ಯಾಗ ಎಂಥಾ ವಿಷ ಹಾಕೀರಿ?"

ಸೋಫಾದ ಮೇಲೆ ಕೂತು ದರ ಕೇಳುತ್ತಿದ್ದ ಗಂಡಹೆಂಡತಿ ತಟ್ಟನೆ ಎದ್ದು ತಮ್ಮ ಹಿಂಭಾಗ ತಡವಿಕೊಂಡರು. ವಸೀಮ ಗಾಬರಿಯಾದ.

"ಮೆಲ್ಲಕ ಮಾತಾಡ್ರಿ, ನಿಮ್ಮ ಪುಣ್ಯಾ. ಇಂದಽ ಸಂಜೀಕ ನಾನಽ ಹೊಸಾದು ತರ್ತೀನಿ. ಆದ್ರ ಒಂದು ಕಾಗದ ಬರಿಯೂಣು. ಕಲೆ ನಮ್ಮಿಂದ ಆಗಿದ್ರ ಹೊಸಾದು ನಿಮ್ಮದು. ನಿಮ್ಮ ಮನ್ಯಾಗ ಆಗಿದ್ರ ಹಳೇದೂ ನಿಮಗಽ, ಟೆಂಪೋ ಬಾಡಿಗಿನೂ ನಿಮ್ಮದಽ."

"ಬರೀರಿ! ದಪ್ಪ ಅಕ್ಷರದಾಗ ಬರೀರಿ!" ಬಲಗೈಯಲ್ಲಿ ಪೆನ್ನು ನಿಲ್ಲದೆ ಉಳವಪ್ಪ ಎಡಗೈಯಿಂದಲೇ ಸಹಿ ಗೀಚಿದ.

ಸಂಜೆ ಟೆಂಪೋ ಬಂದಾಗ ಓಣಿಯೆಲ್ಲ ಮತ್ತೆ ನೆರೆಯಿತು. ವಸೀಮ ಹಳೆಯ ಕಪಾಟಿನ ಕಲೆಯನ್ನು ಬೆರಳಿನಿಂದ ಕೆರೆದು, ತಿಕ್ಕಿ ನೋಡಿ, ತಲೆಯಾಡಿಸಿ ಅದನ್ನು ಟೆಂಪೋಕ್ಕೆ ಏರಿಸಿದ. ಹೊಸ ಕಪಾಟು ಒಳಗೆ ಬಂತು. ವಾಣಿಶ್ರೀ ಮೊಬೈಲಿನಲ್ಲಿ ಅಣ್ಣನಿಗೆ ವಿಡಿಯೋ ಕಾಲ್ ಹಚ್ಚಿ ಕಪಾಟಿನ ಮೂಲೆಮೂಲೆ ತೋರಿಸಿದಳು. "ನೋಡಣ್ಣಾ, ಇವರು ಜಗಳಾಡಿ ಬದಲಿ ತಂದಾರ! ಇನ್ನ ನಿನ್ನ ಚಪ್ಪಲಿ ಕತಿ ಬಂದ್!" ಅವಳು ಗಂಡನನ್ನು ನೋಡಿದ ರೀತಿಗೆ ಉಳವಪ್ಪ ಇಲ್ಲದ ಮೀಸೆಯನ್ನು ತಿರುವಿದ.

ಅದೇ ಹೊತ್ತಿಗೆ ಸಿದ್ದಲಿಂಗವ್ವ ಅಸುಂಡಿಯಿಂದ ಬಂದಳು. ಮಂದಿಯನ್ನು ಕಂಡು, "ಮತ್ತ ನೆರದಾವ ನೋಡು ಕಣ್ಣು" ಎಂದು ಗೊಣಗುತ್ತ ಕಪಾಟಿನತ್ತ ಕತ್ತೆತ್ತಿದಳು. ಗಕ್ಕನೆ ನಿಂತಳು.

"ಅಯ್ಯ ಶಿವನ! ನಸಿಕಿನ್ಯಾಗ ಸ್ಟೂಲ್ ಹತ್ತಿ ದೃಷ್ಟಿಬೊಟ್ಟು ಇಟ್ಟು ಹೋಗಿದ್ನೆಲ್ಲ, ಎಲ್ಲಿ ಹೋತದು?"

ಮುದುಕಿ ಮತ್ತೆ ಬೊಟ್ಟಿಡಲು ಅಡುಗೆಮನೆಗೆ ಹೋಗಿ ಕೇರಬೀಜವನ್ನು ಸೂಜಿಗೆ ಚುಚ್ಚಿ ಸುಟ್ಟುಕೊಂಡು ಬಂದಳು. ಅಗಸರು ಅರಿವೆಗೆ ಅಳಿಯದ ಗುರುತು ಹಾಕುವ ಅದೇ ಬೀಜ. ಕರಿ ಎಣ್ಣೆ ಚುರುಗುಡುತ್ತಿತ್ತು.

"ಇದರ ಬೊಟ್ಟು ಸಾಯೂತನಕ ಹೋಗೂದುಲ್ಲ. ಯಾರರ ತಿಕ್ಕಿದ್ರೇನು? ತಿಕ್ಕಿದವರ ಕೈ ಬಾತಿರಬೇಕು ನೋಡ್ರಿ."

ಉಳವಪ್ಪನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು. ಭೀಮೇಶ ಹೆಬ್ಬೆರಳನ್ನು ಜೇಬಿಗಿಳಿಸಿ, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾದವನಂತೆ ಜಾಗ ಖಾಲಿ ಮಾಡಿದ. ವಸೀಮ ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ನೀವೂ ತಿಕ್ಕಿದ್ರೇನು ಸಾಹೇಬ್ರ? ಕೊಬ್ರಿ ಎಣ್ಣಿ ಹಚ್ಕೋರ್ರಿ, ನಾಕು ದಿನಕ್ಕ ಇಳೀತೈತಿ," ಎಂದಳು ಮುದುಕಿ, ಅಕ್ಕರೆಯಿಂದ.

ವಸೀಮ ಜಗಳ ತೆಗೆಯಲಿಲ್ಲ. ಜೇಬಿನಿಂದ ಕಾಗದ ತೆಗೆದು ಬಿಡಿಸಿದ. "ಎಡಗೈದಾದ್ರೂ ಸಹಿ ಚೊಲೋ ಬಂದೇತಿ ಅಣ್ಣಾರ. ಹೊಸಾದನ್ನ ಟೆಂಪೋಕ್ಕ ಹಾಕ್ಸಲ್ಲಾ?"

ದಿನವಿಡೀ ಹಲ್ಲು ಕಚ್ಚಿ ಹಿಡಿದಿಟ್ಟಿದ್ದ ಮಾತು ಉಳವಪ್ಪನ ಬಾಯಿಂದ ಜಾರಿತು. "ಇರ್ಲಿ ಬಿಡ್ರಿ."

ವಾಣಿಶ್ರೀಯ ಕೈಯಲ್ಲಿ ವಿಡಿಯೋ ಕಾಲ್ ಇನ್ನೂ ನಡೆದೇ ಇತ್ತು. ಅದರೊಳಗಿಂದ ಲಕ್ಷ್ಮೇಶ್ವರದ ನಗು ಹೊಟ್ಟೆ ಹಿಡಿದುಕೊಂಡು ಬಂತು. "ಉಳವಪ್ಪನವರಽ, ಇಷ್ಟು ದಿನ ಬರೇ ಎಡಗಾಲಿನ ಕತಿ ಇತ್ತು. ಈಗ ಬಲಗಾಲಿಂದೂ ಸಿಕ್ತು ನೋಡ್ರಿ!"

ಹೊಸ ಕಪಾಟು ಹೊರಗೆ ಹೋಯಿತು. ಕಲೆಯ ಕಪಾಟು ಒಳಗೆ ಬಂದು ತನ್ನ ಹಳೆಯ ಜಾಗದಲ್ಲಿ ಕಾಲೂರಿತು. ವಾಣಿಶ್ರೀ ಗಿರಣಿಗೆ ಕಳಿಸಲು ಗಂಡನ ಹಾಸಿಗೆ ಸುತ್ತತೊಡಗಿದಳು. ಸಿದ್ದಲಿಂಗವ್ವ ಮಾತ್ರ ಬಲಬಾಗಿಲಿನ ತುದಿಯನ್ನು ನೋಡಿ ಕೈಮುಗಿದು ಸೊಸೆಯತ್ತ ಹೊರಳಿದಳು.

"ನೋಡಿದೇನವಾ ಬೊಟ್ಟಿನ ಗುಣಾ! ಮನಿ ಬಿಟ್ಟು ಹೊಂಟಿದ್ದ ಕಪಾಟ, ತಾನಽ ತಿರಿಗಿ ಬಂತು."