ಅತ್ತಿಗೆಯ ಹತ್ತನೇ ಕ್ಲಾಸೂ ನನ್ನ ಸ್ಕೂಟರ್ ಕೀಯೂ

ಇಲ್ಲಪ್ಪ, ನಂಗೇನೂ ಹೊಟ್ಟೆಕಿಚ್ಚಿಲ್ಲ. ನೀವು ಕೇಳ್ಲಿಲ್ಲ, ಗೊತ್ತು. ಆದ್ರೂ ಹೇಳಿಬಿಡ್ತೀನಿ. ಸ್ಕೂಲಿಗೆ ಹೋಗಿ, ಬೆಂಚ್ ಮೇಲೆ ನಿಂತು, ಮೇಷ್ಟ್ರ ಕೈಲಿ ಕಿವಿ ಹಿಂಡಿಸ್ಕೊಂಡು ಹತ್ತನೇ ಕ್ಲಾಸ್ ಪಾಸಾಗೋದು ಬೇರೆ. ಮನೇಲಿ ಒಗ್ಗರಣೆ ಹಾಕ್ತಾ ಹಾಕ್ತಾ ಓಪನ್ ಸ್ಕೂಲಲ್ಲಿ ಕಟ್ಟಿ ಪಾಸಾಗೋದು ಬೇರೆ. ಎರಡೂ ಸಮ ಅಂತ ಸರ್ಕಾರ ಹೇಳುತ್ತೆ. ಸರ್ಕಾರಕ್ಕೆ ನಮ್ಮ ಅತ್ತಿಗೆ ಗೊತ್ತಿಲ್ಲ.

ನಮ್ಮನೇಲಿ ಇಂಥ ಪ್ರಸಂಗಗಳಿಗೆ ಬರ ಅಂತೂ ಇಲ್ಲ. ಕಾಫಿ ಫಸಲು ಕೈ ಕೊಟ್ಟ ವರ್ಷಾನೂ ಇವು ಮಾತ್ರ ಭರ್ಜರಿ.

ಅಪ್ಪನ ರೂಲು

ಸಂಸೆ ಹತ್ರ ನಮ್ದೊಂದು ಸಣ್ಣ ತೋಟ. ಅಲ್ಲಿ ಅಪ್ಪ ಮಾಡಿದ್ದೊಂದು ರೂಲು: ಓದಿದೋರು ಪೇಟೆ ಕೆಲಸ ನೋಡ್ಕೋಬೇಕು, ಉಳಿದೋರು ತೋಟದ ಕೆಲಸ. ಅಪ್ಪ, ಅಣ್ಣ ಇಬ್ರೂ ಹೈಸ್ಕೂಲ್ ಮೆಟ್ಟಿಲು ಹತ್ತಿದೋರಲ್ಲ. ನಾನು ಹತ್ತನೇ ಕ್ಲಾಸು ಪಾಸು, ಪಿಯುಸಿ ಪಾಸು, ಡಿಗ್ರಿ ಅರ್ಧಕ್ಕೆ ಬಿಟ್ಟೆ. ಬಿಟ್ರೇನು, ಮನೇಲಿ ಓದಿದೋನು ನಾನೊಬ್ನೇ. ಬ್ಯಾಂಕು, ನಾಡಕಚೇರಿ, ಕಾಫಿ ವ್ಯಾಪಾರಿ ಅಂಗಡಿ ಎಲ್ಲ ನಂದೇ. ಸ್ಕೂಟರ್ ಕೀ ನನ್ನ ಜೇಬಲ್ಲೇ. ಅಣ್ಣ ಬಿದಿರಿನ ಏಣಿ ಹತ್ತಿ ಮೆಣಸು ಕುಯ್ತಾ ಇದ್ರೆ ನಾನು ಕಳಸದ ಹೋಟ್ಲಲ್ಲಿ ಬನ್ಸ್ ಮುರೀತಾ ಇರ್ತಿದ್ದೆ. ಕೇಳಿದ್ರೆ, "ಬ್ಯಾಂಕ್ ಮ್ಯಾನೇಜರ್ ಊಟಕ್ಕೆ ಹೋಗಿದ್ರು, ಕಾಯ್ತಾ ಇದ್ದೆ."

ಹಿಂಗೆ ಸುಖವಾಗಿದ್ದಾಗ ಒಂದಿನ ಅಣ್ಣನ ಹೆಂಡ್ತಿ, ಅಂದ್ರೆ ನಮ್ಮ ಅತ್ತಿಗೆ, ಊಟಕ್ಕೆ ಬಡಿಸ್ತಾ ಅಂದ್ರು: "ಮಾವ, ನಾನು ಹತ್ತನೇ ಕ್ಲಾಸ್ ಕಟ್ತೀನಿ. ಓಪನ್ ಸ್ಕೂಲಲ್ಲಿ."

ತವರಲ್ಲಿ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಡಿಸಿದ್ರಂತೆ. ಪಾಪ ಅಂತ ನಂಗೂ ಅನ್ಸ್ತು. ಒಂದು ತುತ್ತು ನುಂಗೋ ತನಕ.

"ಕಟ್ಟಮ್ಮ," ಅಂದ್ರು ಅಪ್ಪ. "ಪಾಸಾದ್ರೆ ನೀನೂ ಪೇಟೆ ಕೆಲಸ ನೋಡ್ಕೋಬಹುದು."

ನಾನು ನಗ್ತಾ ಅಂದೆ, "ಅತ್ತಿಗೆ, ನಿಮಗ್ಯಾಕೆ ಈ ವಯಸ್ಸಲ್ಲಿ ತಲೆನೋವು?"

"ತಲೆನೋವು ನಂಗಲ್ಲ ಮಾರಾಯ," ಅಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದ್ರು.

ಪರೀಕ್ಷೆ ಮನೆ

ನಾನು ಹತ್ತನೇ ಕ್ಲಾಸಲ್ಲಿದ್ದಾಗ ನಮ್ಮನೇಲಿ ಪರೀಕ್ಷೆ ಅಂದ್ರೆ ಹೆಂಗಿತ್ತು ಗೊತ್ತಾ? ಕಣದಲ್ಲಿ ಕಾಫಿ ಒಣಗಿಸೋ ಟೈಮು. "ಓದ್ಕೋತೀನಿ" ಅಂದ್ರೆ ಅಮ್ಮ, "ಓದೋದು ಕಣ್ಣಲ್ಲಿ, ಕಾಲು ಖಾಲಿ ಇದ್ಯಲ್ಲ" ಅನ್ನೋರು. ಕೈಲಿ ಸಮಾಜ ವಿಜ್ಞಾನ ಹಿಡ್ಕೊಂಡು ಕಾಲಲ್ಲಿ ಕಾಫಿ ಮಗುಚ್ತಾ ಉದ್ದಕ್ಕೂ ನಡೀಬೇಕು. ಇವತ್ತಿಗೂ ಪಾಣಿಪತ್ ಯುದ್ಧ ಅಂದ್ರೆ ನನ್ನ ಅಂಗಾಲು ಉರಿಯುತ್ತೆ.

ಅತ್ತಿಗೆ ಪರೀಕ್ಷೆಗೆ? ಟೀವಿ ಬಂದ್. ಮಿಕ್ಸಿ ಬಂದ್. ಅಮ್ಮ ಚಟ್ನಿನ ಒರಳಲ್ಲಿ ತಿರುವ್ತಾರೆ, ಅದೂ ಹಿತ್ತಲಲ್ಲಿ. ನಾಯಿ ಬೊಗಳಿದ್ರೆ ಅಪ್ಪ ಓಡಿ ಹೋಗಿ ಅದರ ಬಾಯಿಗೆ ಬಿಸ್ಕೆಟ್ ಹಾಕ್ತಾರೆ. ನನಗೆ ಒಂದು ಸೀನು ಬಂತು. ಸೀನಿದೆ. ಮನೆಮಂದಿಯೆಲ್ಲ ಕೊಲೆ ಮಾಡಿದೋನ್ನ ನೋಡಿದ ಹಾಗೆ ನೋಡಿದ್ರು.

"ಅಮ್ಮ, ನನ್ನ ಪರೀಕ್ಷೇಲಿ ನೀನು ಹಿಂಗೆ ಮಾಡ್ಲಿಲ್ಲ," ಅಂದೆ.

"ನಿನ್ನ ಪರೀಕ್ಷೇಲಿ ಸದ್ದು ಮಾಡ್ತಿದ್ದೋನು ನೀನೊಬ್ನೇ," ಅಂದ್ರು ಅಮ್ಮ. "ಗೊರಕೆ."

ಗೇಟಿನ ಹೊರಗೆ

ಸೆಂಟರ್ ಬಿದ್ದಿದ್ದು ಚಿಕ್ಕಮಗಳೂರಲ್ಲಿ. ಅಣ್ಣಂಗೆ ತೋಟದ ಕೆಲಸ, ಹಾಗಾಗಿ ಅತ್ತಿಗೇನ ಕರ್ಕೊಂಡು ಹೋಗೋದು ಓದಿದೋನ ಜವಾಬ್ದಾರಿ. ಹಿಂದಿನ ದಿನಾನೇ ಹೋಗಿ ನೆಂಟರ ಮನೇಲಿ ಉಳ್ಕೊಂಡ್ವಿ. ದಾರಿಯುದ್ದಕ್ಕೂ ತಿರುವು, ಅತ್ತಿಗೆ ವಿಜ್ಞಾನ ಓದ್ತಾ ಕೂತ್ರು, ನಾನು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಕೂತೆ. ವಾಂತಿ ನಂದು.

ಬೆಳಿಗ್ಗೆ ಸೆಂಟರ್ ಗೇಟಲ್ಲಿ ನೋಡಿದ್ರೆ ತಮಾಷೆಯೋ ತಮಾಷೆ. ಸೊಂಟದ ಮೇಲೆ ಕೂಸು ಕೂರಿಸ್ಕೊಂಡ ಗಂಡಂದ್ರು, ಒಳಗೆ ಹೋಗೋ ಹೆಂಡ್ತೀರಿಗೆ ಪೆನ್ನು ಕೊಡ್ತಾ ಇದಾರೆ. ಹಲ್ಲಿಲ್ಲದ ಅಜ್ಜರೊಬ್ರು ಇಂಗ್ಲಿಷ್ ಬಾಯಿಪಾಠ ಮಾಡ್ತಾ ಇದಾರೆ, ಮೊಮ್ಮಗಳು ಬೈತಾ ಇದಾಳೆ. ನಾನು ನಗ್ತಾ ನಿಂತಿದ್ದೆ. ಆಗ ಗೇಟ್ ಕಾಯೋರು ಬಂದು ನನ್ನ ಭುಜದ ಮೇಲೆ ಕೈ ಇಟ್ರು.

"ಹಾಲ್ ಟಿಕೆಟ್ ತೆಗಿಯಪ್ಪ."

"ನಂದಲ್ಲ ಸರ್, ಪರೀಕ್ಷೆ ಇವ್ರದ್ದು."

ಅವ್ರು ಅತ್ತಿಗೇನ ನೋಡಿದ್ರು. ಇಸ್ತ್ರಿ ಸೀರೆ, ಕೈಲಿ ಫೈಲು, ಮುಖದಲ್ಲಿ ಗಾಂಭೀರ್ಯ. ನನ್ನ ನೋಡಿದ್ರು. ಹರಿದ ಜೀನ್ಸು, ಬೆಳೆದ ಗಡ್ಡ, ನಿನ್ನೆಯ ವಾಂತಿ ಮುಖ. ಪಾಪ ಅನ್ನೋ ಥರ ತಲೆ ಅಲ್ಲಾಡಿಸಿದ್ರು. "ನಾಚ್ಕೋಬೇಡ ಮಗನೇ. ಫೇಲಾಗೋದೆಲ್ಲ ಇದ್ದಿದ್ದೇ. ಅಕ್ಕ ಬಂದಿದಾರಲ್ಲ ಜೊತೆಗೆ, ಧೈರ್ಯವಾಗಿ ಹೋಗು."

ನಾನು ಅತ್ತಿಗೆ ಕಡೆ ನೋಡಿದೆ, ನಿಜ ಹೇಳಲಿ ಅಂತ. ಅತ್ತಿಗೆ ನಿಟ್ಟುಸಿರು ಬಿಟ್ರು.

"ಎಷ್ಟು ಹೇಳಿದ್ರೂ ಓದಲ್ಲ ಸರ್," ಅಂದ್ರು.

ಮೇಸ್ತ್ರಿಯ ಒಂದು ಮಾರ್ಕು

ಗಣಿತದ ಪರೀಕ್ಷೆ ಮುಗಿಸಿ ವಾಪಸ್ ಬರೋವಾಗ ಬಸ್ಸಲ್ಲಿ ಕೇಳಿದೆ, "ಹೆಂಗಾಯ್ತು?"

"ಆಯ್ತು. ಒಂದು ಲೆಕ್ಕ ಮಾತ್ರ ಕೊಟ್ಟೋರಿಗೇ ಗೊತ್ತಿಲ್ಲ. ಹತ್ತು ಜನ ಕೂಲಿಯೋರು ಒಂದು ಕೆಲಸಾನ ಆರು ದಿನಕ್ಕೆ ಮುಗಿಸಿದ್ರೆ ಐದು ಜನಕ್ಕೆ ಎಷ್ಟು ದಿನ ಬೇಕು ಅಂತೆ."

"ಹನ್ನೆರಡು," ಅಂದೆ. ರೆಗ್ಯುಲರ್ ಸ್ಟೂಡೆಂಟ್ ಅಲ್ವಾ.

"ಹದಿಮೂರೋ ಹದಿನಾಲ್ಕೋ ಆಗುತ್ತೆ. ಮಧ್ಯ ಸಂತೆ ದಿನ ಬರಲ್ವಾ? ಅವತ್ತು ಯಾರು ಕೆಲಸಕ್ಕೆ ಬರ್ತಾರೆ? ಹಂಗೇ ವಿವರವಾಗಿ ಬರೆದೆ."

ನನ್ನ ಖುಷಿ ಹೇಳ್ತೀನಿ ಕೇಳಿ. ಮನೆ ತನಕ ತಡ್ಕೊಂಡಿದ್ದೇ ದೊಡ್ಡದು. ಚಪ್ಪಲಿ ಬಿಡೋಕೂ ಮುಂಚೆ ಅಪ್ಪಂಗೆ ಒಪ್ಪಿಸಿದೆ. "ಗಣಿತ ಹೋಯ್ತು! ಲೆಕ್ಕದಲ್ಲಿ ಸಂತೆ ರಜಾ ಸೇರಿಸಿದಾರೆ ನಿಮ್ಮ ಸೊಸೆ!"

ಅಪ್ಪ ಎಲೆಅಡಿಕೆ ಅಗೀತಾ ಗಂಭೀರವಾಗಿ ಯೋಚ್ನೆ ಮಾಡಿದ್ರು. "ತಪ್ಪು," ಅಂದ್ರು. ನನ್ನ ಎದೆ ಅರಳ್ತು.

"ಸಂತೆ ಹಿಡಿದಿದ್ದು ಸರಿ ಕಣಮ್ಮ. ಆದ್ರೆ ಐದು ಜನ ಅಂದ್ರೆ ಅದ್ರಲ್ಲಿ ಒಬ್ಬ ಮೇಸ್ತ್ರಿ. ಅವ್ನು ಬರೀ ನಿಂತ್ಕೊಂಡು ನೋಡ್ತಾನೆ. ನಾಲ್ಕಕ್ಕೇ ಲೆಕ್ಕ ಹಾಕ್ಬೇಕಿತ್ತು."

ಅತ್ತಿಗೆ ಹಣೆ ಚಚ್ಕೊಂಡ್ರು. "ಅಯ್ಯೋ ಮಾವ, ಒಂದು ಮಾರ್ಕ್ ಹೋಯ್ತಲ್ಲ!"

ಎರಡೂ ಸಮ

ಪಾಸಾದ್ರು. ಗಣಿತಾನೂ. ಯಾವ ಪುಣ್ಯಾತ್ಮ ಪೇಪರ್ ತಿದ್ದಿದ್ನೋ, ಅವನ ತೋಟದಲ್ಲೂ ಮೇಸ್ತ್ರಿ ಇರ್ಬೇಕು.

ಅವತ್ತು ಮಧ್ಯಾಹ್ನ ಪಾಯಸ. ಊಟ ಮುಗಿದ ಮೇಲೆ ಅಪ್ಪ ಅಂದ್ರು, "ಇನ್ನು ಪೇಟೆ ಕೆಲಸಕ್ಕೆ ಇಬ್ರು ಬೇಡ. ಸೊಸೆ ನೋಡ್ಕೊಳ್ಳಿ. ನೀನು ಅಣ್ಣನ ಜೊತೆ ಮೆಣಸಿಗೆ ಹೋಗು."

ನಾನು ಎದ್ದು ನಿಂತೆ. "ಅದೆಂಗಾಗುತ್ತೆ ಅಪ್ಪ? ಅವ್ರದ್ದು ಓಪನ್ನು. ನಂದು ರೆಗ್ಯುಲರ್ರು. ಮೇಲೆ ಪಿಯುಸಿ ಇದೆ. ಕಾಲೇಜಿಗೂ ಹೋಗಿದೀನಿ!"

"ಹೋಗಿದ್ದೆ ನೀನು, ಅಷ್ಟೇ," ಅಂದ್ರು ಅತ್ತಿಗೆ. "ನಂದು ನಿನ್ನ ಹತ್ತನೇ ಕ್ಲಾಸಿಗೆ ಸಮ ಅಂತ ಬೋರ್ಡಿನೋರು ಒಪ್ಕೊಂಡಿದಾರೆ. ನೀನು ಕಾಲೇಜಿಗೆ ಹೋಗಿ ಬಂದಿದ್ದು ಯಾವುದಕ್ಕೆ ಸಮ ಅಂತ ಯಾರಾದ್ರೂ ಹೇಳಿದಾರಾ?"

ಅಣ್ಣ ಪಾಯಸದ ಲೋಟದೊಳಗೇ ನಕ್ಕ. ನನ್ನ ಹತ್ರ ಉಳಿದಿದ್ದು ಒಂದೇ ಬಾಣ.

"ಸರಿ, ಹೋಗ್ಲಿ. ಹೆಂಗೆ ಹೋಗ್ತಾರೆ? ಸ್ಕೂಟರ್ ಬರುತ್ತಾ ಇವ್ರಿಗೆ?"

ಅಮ್ಮ ಯಾಕೋ ಸೂರು ನೋಡೋಕೆ ಶುರು ಮಾಡಿದ್ರು.

"ಬರುತ್ತೆ," ಅಂದ್ರು ಅತ್ತಿಗೆ. "ಲೈಸೆನ್ಸೂ ಬಂತು."

"ಯಾರು ಕಲಿಸಿದ್ದು?"

"ನೀನು ಮಧ್ಯಾಹ್ನ ಮಲಗ್ತೀಯಲ್ಲ," ಅಂದ್ರು ಅಮ್ಮ, ಇನ್ನೂ ಸೂರನ್ನೇ ನೋಡ್ತಾ. "ನಾನು ಹಿಂದಿಂದ ಹಿಡ್ಕೋತಿದ್ದೆ. ಒಂದು ಸಲ ಮಾತ್ರ ಬಿಟ್ಟೆ."

ಹಿಂದೊಂದು ಸಲ ಸ್ಕೂಟರ್ ಮಡ್‌ಗಾರ್ಡ್ ಒಡೆದಿದ್ದು ನೋಡಿ, ಸರ್ವೀಸಲ್ಲಿ ನೀವೇ ಒಡೆದಿದ್ದು ಅಂತ ಕಳಸದ ಗ್ಯಾರೇಜಿನ ಸಾಹೇಬ್ರ ಹತ್ರ ನಾನು ಜಗಳ ಆಡ್ಕೊಂಡು ಬಂದಿದ್ದೆ, ಗೊತ್ತಾ? ಆ ಮನುಷ್ಯ ಇವತ್ತಿಗೂ ನನ್ನ ಸಲಾಮಿಗೆ ತಿರುಗಿ ಸಲಾಂ ಹೇಳಲ್ಲ.

ಅತ್ತಿಗೆ ಕೈ ಚಾಚಿದ್ರು. ನಾನು ಅಪ್ಪನ್ನ ನೋಡಿದೆ, ಅಪ್ಪ ಗೋಡೆ ನೋಡಿದ್ರು. ಕೀ ಕೊಟ್ಟೆ. ಅಮ್ಮ ಆಗಲೇ ಸೆರಗು ಸಿಕ್ಕಿಸಿ, ಹೆಲ್ಮೆಟ್ ಹಾಕ್ಕೊಂಡು, ಚೀಲ ಹಿಡ್ಕೊಂಡು ಅಂಗಳಕ್ಕೆ ಇಳಿದಿದ್ರು. ನನ್ನ ಹಿಂದೆ ಯಾವತ್ತೂ ಹತ್ತದ ಅಮ್ಮ!

ಅತ್ತಿಗೆ ಬಾಗಿಲ ತನಕ ಹೋಗಿ ತಿರುಗಿದ್ರು.

"ಡಿಗ್ರಿನೂ ಮನೇಲಿ ಕೂತೇ ಮುಗಿಸ್ಬಹುದಂತೆ ಮಾರಾಯ. ಬರ್ತಾ ಒಂದು ಅರ್ಜಿ ತರ್ಲಾ?"

"ಯಾರಿಗೆ?" ಅಂದೆ ಸಿಡುಕಿ.

ಅವ್ರು ನನ್ನ ಮೇಲಿಂದ ಕೆಳಗೆ ಒಂದ್ಸಲ ನೋಡಿದ್ರು.

"ನಿಂಗ್ಯಾಕೆ ಬಿಡು, ಅದನ್ನೂ ನಾನೇ ಕಟ್ತೀನಿ," ಅಂದು ಬಾಗಿಲು ಎಳ್ಕೊಂಡು ಹೋದ್ರು.