ಕೊನೆಯ ರಾಕ್ಷಸ ಮತ್ತು ಗಣಿತದ ಮೇಷ್ಟ್ರು

"ಇದೇನು ಮಹಾ ಬ್ರಹ್ಮವಿದ್ಯೆನಾ? ನೀನು ತಿಂಗಳುಗಟ್ಟಲೆ ಒದ್ದಾಡ್ತಿರೋ ಆಟಾನ ನಾನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಕೈ ತೊಳ್ಕೊಳ್ತೀನಿ, ನೋಡ್ತಿರು!"

ನಿವೃತ್ತ ಗಣಿತದ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಮನೆಯಾಕೆ ಡಾಕ್ಟರಿಗೆ ಮಂಡಿ ತೋರಿಸಲು ಹೊರಟು ಚಪ್ಪಲಿ ಹುಡುಕುತ್ತಿದ್ದರು.

"ರೀ, ನೀವು ಮುಗಿಸೋದೇನೂ ಬೇಡ, ಮುಟ್ಟದೆ ಇದ್ದರೆ ಸಾಕು! ಸಾಯಂಕಾಲ ತಂಗಿ ಬರ್ತಾಳೆ. ಅವಳೆದುರಿಗೇ ಕೊನೇ ರಾಕ್ಷಸನನ್ನ ಹೊಡೀಬೇಕು ನಾನು."

ಮಂಡಿಯ ಆಪರೇಷನ್ನಾಗಿ ಮೂಲೆ ಹಿಡಿದ ಮೇಲೆ ಆಕೆಗೆ ಅಂಟಿಕೊಂಡ ಗೀಳು ಇದು. ಕಂಪ್ಯೂಟರಿನೊಳಗೊಂದು ಪಾತಾಳ, ನೆಲಮಾಳಿಗೆಯ ಕೆಳಗೆ ಇನ್ನೊಂದು ನೆಲಮಾಳಿಗೆ. ಕತ್ತಿ ಹಿಡಿದ ಒಬ್ಬ ಹುಡುಗಿ ಎದುರಾದವರನ್ನೆಲ್ಲ ಬಡಿಯುತ್ತ ಕೆಳಗಿಳಿಯಬೇಕು. ಆಟ ನಿಲ್ಲಿಸುವಾಗ 'ಸೇವ್' ಮಾಡಿಟ್ಟರೆ ಮರುದಿನ ಅಲ್ಲಿಂದಲೇ ಮುಂದುವರಿಯಬಹುದು. ತಾವು ನಡೆಯಲಾರದ ದಿನಗಳಲ್ಲಿ ಆಕೆ ಆ ಹುಡುಗಿಯನ್ನು ಕೊನೆಯ ಮಾಳಿಗೆಯ ಬಾಗಿಲವರೆಗೆ ನಡೆಸಿಕೊಂಡು ಹೋಗಿದ್ದರು. ಆಟ ಕಲಿಸಿದವಳು ನರ್ಸಾಗಿದ್ದ ತಂಗಿ. ಅವಳು ಕೊನೆಯ ರಾಕ್ಷಸನಿಗೆ ಸೋತು ಕೈಬಿಟ್ಟಿದ್ದಳು. "ನನ್ನ ಕೈಲೇ ಆಗಿಲ್ಲ ಅಕ್ಕ, ಇನ್ನು ನೀನು!" ಎಂದಿದ್ದಳು. ಆ ಮಾತು ಅಕ್ಕನಿಗೆ ಮಂಡಿಗಿಂತ ಹೆಚ್ಚು ನೋವು ಕೊಟ್ಟಿತ್ತು.

ಆಕೆಯ ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಮೇಷ್ಟ್ರು ಕುರ್ಚಿಯನ್ನು ಅಲಂಕರಿಸಿದರು! ಪರದೆಯ ಮೇಲೆ ಹೆಂಡತಿ ಉಳಿಸಿಟ್ಟ ಆಟ ಕಾಣಿಸಿತು. ತೆರೆದರು. ಹುಡುಗಿಯನ್ನು ಮುಂದಕ್ಕೆ ನಡೆಸಲು ಹೋದರೆ ಅವಳು ಹಿಂದಕ್ಕೆ ನಡೆದಳು. ಕತ್ತಿ ಎತ್ತಿಸಲು ಹೋದರೆ ಕುಪ್ಪಳಿಸಿದಳು. ಮೇಷ್ಟ್ರು ಇದ್ದಬದ್ದ ಗುಂಡಿಗಳನ್ನೆಲ್ಲ ಒಟ್ಟಿಗೇ ಒತ್ತಿದರು. ಪರದೆ ಗರ ಬಡಿದಂತೆ ನಿಂತು, ಕಪ್ಪಾಗಿ, ಆಟವೇ ಮುಚ್ಚಿಕೊಂಡಿತು!

ಗಾಬರಿಯಿಂದ ಮತ್ತೆ ತೆರೆದರೆ, ಸದ್ಯ, ಉಳಿಸಿಟ್ಟ ಆಟ ಹಾಗೆಯೇ ಇತ್ತು. ಅಲ್ಲಿಗೆ ಎದ್ದುಹೋಗಿದ್ದರೆ ಮುಗಿದೇಹೋಗುತ್ತಿತ್ತು. ಆದರೆ ಮೇಷ್ಟ್ರಿಗೊಂದು ಶಿಸ್ತು. ಪಾಠ ಮುಗಿದ ಮೇಲೆ ಬೋರ್ಡು ಒರೆಸದೆ ಅವರು ಯಾವ ತರಗತಿಯಿಂದಲೂ ಹೊರಬಂದವರಲ್ಲ. ಮುಂದಿನ ಪಾಠದವರಿಗೆ ತೊಂದರೆಯಾಗಬಾರದಲ್ಲ! ಪರದೆಯ ಮೂಲೆಯಲ್ಲಿ 'ಅಳಿಸು' ಎಂಬ ಗುಂಡಿ ಕಂಡಿತು. ಒತ್ತಿದರು. "ಖಂಡಿತ ಅಳಿಸಬೇಕೇ?" ಎಂದು ಅದು ವಿನಯದಿಂದ ಕೇಳಿತು. "ಖಂಡಿತ!" ಎಂದು ಮೇಷ್ಟ್ರು ಗಟ್ಟಿಯಾಗಿಯೇ ಹೇಳಿ ಇನ್ನೊಮ್ಮೆ ಒತ್ತಿ, ಇಲ್ಲದ ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಕೊಡವಿಕೊಂಡರು.

ಪರದೆ ಸ್ವಚ್ಛವಾಯಿತು, ಹೆಂಡತಿ ಉಳಿಸಿಟ್ಟ ಆಟದ ಸಮೇತ. ಮರುಗಳಿಗೆ ಮೇಷ್ಟ್ರ ಮುಖವೂ ಬಿಳಿಚಿತು.

ಪಕ್ಕದ ಬೀದಿಯ ಫೋಟೋ ಸ್ಟುಡಿಯೋದವನು ಅವರ ಹಳೆಯ ಶಿಷ್ಯ. ಅವನಿಗೆ ಫೋನು ಮಾಡಿ ದನಿ ತಗ್ಗಿಸಿ ಸಂಕಟ ತೋಡಿಕೊಂಡರು.

"ಅಳಿಸಿದ್ದು ವಾಪಸ್ ಬರಲ್ಲ ಸರ್," ಎಂದನವನು. "ಆದರೆ ಒಂದು ಗುಟ್ಟಿನ ಪದ ಇದೆ. ಆಟದ ಮಧ್ಯೆ ಟೈಪ್ ಮಾಡಿದ್ರೆ ಸೀದಾ ಕೊನೇ ಮಾಳಿಗೆ. ಹುಡುಗಿಗೆ ಸಾವೇ ಇಲ್ಲ, ಎದುರಿದ್ದವನು ಒಂದೇ ಏಟಿಗೆ ಖಲಾಸ್!"

"ಅದು ಮೋಸ ಅಲ್ವೇನೋ?"

"ಮೋಸಾನೇ ಸರ್. ಬೇಡ್ವಾ?"

"...ನಿಧಾನವಾಗಿ ಹೇಳು, ಬರ್ಕೋತೀನಿ."

ಮೊದಲ ಸಲ ಅಕ್ಷರ ತಪ್ಪಿ ಪಾತಾಳದ ಗೋಡೆಗಳೆಲ್ಲ ಮಾಯವಾದವು. ಎರಡನೆಯ ಸಲ ಹುಡುಗಿಯೇ ಮಾಯವಾಗಿ ಅವಳ ಬೂಟುಗಳು ಮಾತ್ರ ಟಕಟಕ ನಡೆದಾಡಿದವು. ಆಮೇಲೆ ಆಟ ಮತ್ತೊಮ್ಮೆ ಕುಸಿದುಬಿತ್ತು. ಯಾವುದು ಆಟ, ಯಾವುದು ಅಪಘಾತ ಎಂದು ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಅಂತೂ ಬೆವರೊರೆಸಿಕೊಂಡು ಹುಡುಗಿಯನ್ನು ಕೊನೆಯ ಮಾಳಿಗೆಯ ಬಾಗಿಲಿಗೆ ತಂದು, ಸೇವ್ ಮಾಡಿ, ಪೇಪರು ಓದುವವರಂತೆ ಕುಳಿತರು.

ಸಂಜೆ ಅಕ್ಕತಂಗಿಯರು ಪರದೆಯ ಮುಂದೆ ಕುಳಿತರು. ರಾಕ್ಷಸ ಬಂದ. ಗದೆಯಿಂದ ಹುಡುಗಿಯ ತಲೆಗೇ ಬಾರಿಸಿದ. ಅವಳು ಮಿಸುಕಲಿಲ್ಲ. ಅವಳ ಕತ್ತಿ ತಾಗಿತೋ ಇಲ್ಲವೋ, ಅಷ್ಟು ದೊಡ್ಡ ರಾಕ್ಷಸ ಹಪ್ಪಳದಂತೆ ಪುಡಿಯಾದ!

"ಅಬ್ಬಾ, ಅಕ್ಕ! ಸೋತೆ ಕಣೇ ನಾನು!" ಎಂದು ತಂಗಿ ಚಪ್ಪಾಳೆ ತಟ್ಟಿದಳು.

ಅಕ್ಕ ನಗಲಿಲ್ಲ. ನಿಧಾನವಾಗಿ ಕುರ್ಚಿ ತಿರುಗಿಸಿದರು.

"ನನ್ನ ಹುಡುಗಿ ಏಟು ಬಿದ್ದರೆ ಕುಂಟ್ತಿದ್ದಳು. ಕುಂಟ್ಕೊಂಡೇ ಇಲ್ಲಿವರೆಗೆ ಬಂದವಳು ಅವಳು. ರೀ, ಇವಳು ಯಾರು?"

ಮೇಷ್ಟ್ರು ಪೇಪರಿನ ಹಿಂದಿನಿಂದ, "ಕರೆಂಟು ಹೋಗಿತ್ತು... ಅದೇ ತಾನಾಗಿ... ಫೋಟೋದವನು ಗುಟ್ಟಿನ ಪದ ಹೇಳಿದ..." ಎಂದರು. ಹೋಂವರ್ಕ್ ಮಾಡದೆ ಬರುತ್ತಿದ್ದ ಹುಡುಗರ ನೆಪಗಳೆಲ್ಲ ಸಾಲುಗಟ್ಟಿ ಬಾಯಿಗೆ ಬಂದವು. ಯಾವುದೂ ನಿಲ್ಲಲಿಲ್ಲ.

"ಒರೆಸಿಬಿಟ್ಟೆ," ಎಂದರು ಕೊನೆಗೆ.

"ಯಾಕೆ?"

"ಮುಂದಿನ ಪಿರಿಯಡ್ಡಿನವರಿಗೆ ತೊಂದರೆ ಆಗದೆ ಇರ್ಲಿ ಅಂತ..."

"ಮುಂದಿನ ಪಿರಿಯಡ್ಡು ನಂದೇ ಆಗಿತ್ತಲ್ರೀ!"

ಆ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. ಆಕೆ ಮಂಡಿ ಹಿಡಿದುಕೊಂಡು ಎದ್ದು, ಕುರ್ಚಿಯನ್ನು ಗಂಡನತ್ತ ತಳ್ಳಿದರು.

"ಕೂತ್ಕೊಳ್ಳಿ. ಮೊದಲಿಂದ ಶುರು ಮಾಡಿ. ನನ್ನ ಹುಡುಗಿ ಎಲ್ಲಿದ್ದಳೋ ಅಲ್ಲಿಗೆ ತಂದು ನಿಲ್ಲಿಸಿ. ಗುಟ್ಟು ಗಿಟ್ಟು ಏನೂ ಬೇಡ."

ಮೇಷ್ಟ್ರು ಕುಳಿತರು. ಮೊದಲ ಮಾಳಿಗೆಯ ಮೊದಲ ಬಾಗಿಲು ತೆರೆಯುತ್ತಲೇ ಬಾವಲಿಯೊಂದು ಬಂದು ಕಚ್ಚಿತು. ಹುಡುಗಿ ಸತ್ತಳು. ಮತ್ತೆ ಶುರು, ಹಳ್ಳಕ್ಕೆ ಬಿದ್ದು ಸತ್ತಳು. ಇನ್ನೊಮ್ಮೆ; ಬಾವಿಯ ನೀರು ಕುಡಿದೇ ಸತ್ತಳು! ನೋಡಲಾರದೆ ತಂಗಿ ಬಾಯಿ ತೆರೆದಳು:

"ಭಾವ, ಎಡಗಡೆ ಬಾಗಿಲಲ್ಲಿ..."

ಅಕ್ಕ ಅವಳ ಬಾಯಿಗೆ ಕೈ ಅಡ್ಡ ಹಿಡಿದರು.

"ಹೇಳ್ಕೊಡಬೇಡ ಕಣೇ! ಸ್ವಂತ ಬುದ್ಧಿಯಿಂದ ಸಾಯಲಿ!"