ಕೊರತೆ ಮೇಷ್ಟ್ರ ಏರಿಳಿತ

ಅರ್ಥಶಾಸ್ತ್ರದ ಮೇಷ್ಟ್ರು ಏನು ಹೇಳಿದರೂ ಕೇಳಿದವರು ಅದನ್ನು ಮನೆಗೆ ಒಯ್ದು ತಮಗೆ ಬೇಕಾದ ಹಾಗೆ ಬಳಸಿಕೊಳ್ಳುತ್ತಾರೆ. ನನ್ನ ಕೆಲಸದ ಬದುಕಿನಲ್ಲಿ ಇದು ತಪ್ಪಿದ್ದೇ ಇಲ್ಲ. ನಾಲ್ಕು ತಾಲ್ಲೂಕುಗಳ ಕಾಲೇಜುಗಳಲ್ಲಿ ಪಾಠ ಹೇಳಿ ಈಗ ನಿವೃತ್ತನಾಗಿದ್ದೇನೆ. ನನಗೆ ಬಲು ಇಷ್ಟದ ಪಾಠ ಒಂದಿತ್ತು. ವ್ಯಾಪಾರ ವಹಿವಾಟು ಜೋರಾಗಿದ್ದಾಗ ಸರ್ಕಾರಕ್ಕೆ ತೆರಿಗೆ ತಾನಾಗಿ ಹೆಚ್ಚು ಬರುತ್ತದೆ, ಮಂಕಾದಾಗ ತಾನಾಗಿ ಇಳಿಯುತ್ತದೆ. ಆದ್ದರಿಂದ ಬಜೆಟ್ಟಿನ ಕೊರತೆಯಲ್ಲಿ ಕಾಲದ ದೋಷ ಎಷ್ಟು, ಸರ್ಕಾರದ ಸ್ವಂತ ದೋಷ ಎಷ್ಟು ಅಂತ ಬೇರೆ ಮಾಡಿ ಅಳೆಯಬೇಕು. ಇದನ್ನೇ ಕಂಡಕಂಡಲ್ಲಿ ಹೇಳಿ ಹೇಳಿ 'ಕೊರತೆ ಮೇಷ್ಟ್ರು' ಅಂತ ಹೆಸರಾಯಿತು. ಸಂಬಳ ಮಾತ್ರ ಕೊರತೆಯಿಲ್ಲದೆ ಬರುತ್ತಿದ್ದುದರಿಂದ ನಾನು ಬೇಜಾರು ಮಾಡಿಕೊಳ್ಳಲಿಲ್ಲ.

೧. ಸೈಕಲ್ಲು

ನಾಗಮಂಗಲದಲ್ಲಿದ್ದಾಗ, ಈ ಏರಿಳಿತಕ್ಕೆ ಪುಸ್ತಕದಲ್ಲಿರುವ 'ಆರ್ಥಿಕ ಚಕ್ರ' ಅನ್ನುವ ಹೆಸರು ಮಕ್ಕಳಿಗೆ ಕಷ್ಟವಾಗುತ್ತದೆ ಅಂತ ನಾನು 'ಸೈಕಲ್' ಅಂತಲೇ ಪಾಠ ಮಾಡಿದೆ. ಕಿರುಪರೀಕ್ಷೆಗೆ, ಸೈಕಲ್ಲಿಗೆ ಹೊಂದಿಸಿದ ಕೊರತೆ ಎಂದರೇನು ಅನ್ನುವ ಎರಡು ಅಂಕದ ಪ್ರಶ್ನೆಯನ್ನೂ ಹಾಕಿದೆ. ಒಬ್ಬ ಹುಡುಗಿ ಬರೆದಿದ್ದಳು: 'ಸರ್ಕಾರ ಎಂಟನೇ ಕ್ಲಾಸಿನವರಿಗೆಲ್ಲ ಸೈಕಲ್ ಕೊಟ್ಟಿದ್ದರಿಂದ ಆದ ಕೊರತೆ. ಇಬ್ಬರಿಗೆ ಒಂದೇ ಸೈಕಲ್ ಕೊಟ್ಟು, ಒಬ್ಬರು ಹಿಂದೆ ಕೂತು ಹೊಂದಿಕೊಂಡರೆ ಕೊರತೆ ಅರ್ಧಕ್ಕೆ ಇಳಿಯುತ್ತದೆ.'

ಸೊನ್ನೆ ಹಾಕಿದೆ. ಮಾರನೆಯ ದಿನ ಅವಳು ಉತ್ತರ ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಅಳಲಿಲ್ಲ, ಜಗಳವಾಡಲಿಲ್ಲ. "ಸಾ, ಕೊರತೆ ಕಮ್ಮಿ ಮಾಡೋದು ಎಂಗೆ ಅಂತ ನೀವು ಹೇಳೇ ಇಲ್ಲ. ನಾನಾದ್ರೂ ಒಂದು ದಾರಿ ಬರ್ದಿವ್ನಿ" ಅಂದಳು. ನೋಟ್ಸು ತೆಗೆದು ನೋಡಿದೆ. ಅಳೆಯುವುದಕ್ಕೆ ಹದಿನೈದು ಪುಟ ಇತ್ತು, ಇಳಿಸುವುದಕ್ಕೆ ಎರಡೇ ಸಾಲು. ಅರ್ಧ ಕೊರತೆ ತೀರಿಸಿದ್ದಕ್ಕೆ ಅರ್ಧ ಅಂಕದ ಲೆಕ್ಕದಲ್ಲಿ ಎರಡಕ್ಕೆ ಒಂದು ಕೊಟ್ಟು ಕಳಿಸಿದೆ.

೨. ಬಾರದ ವರ್ಷ

ಒಂದು ಸಲ ದೇವಲಾಪುರದ ಕಡೆಯ ಗ್ರಾಮ ಪಂಚಾಯ್ತಿ ಸದಸ್ಯರಿಗೆ ಬಜೆಟ್ ಬಗ್ಗೆ ಹೇಳಿಕೊಡಲು ಕರೆದಿದ್ದರು. ಸರ್ಕಾರದ ಮಾತು ಬಿಟ್ಟು ರಾಗಿಯ ಮಾತು ತೆಗೆದೆ. ಬೆಳೆ ಚೆನ್ನಾಗಿ ಬಂದ ವರ್ಷ ಸೋಮಾರಿಯ ಮನೆಯಲ್ಲೂ ದುಡ್ಡು ಮಿಗುತ್ತದೆ, ಕೆಟ್ಟ ವರ್ಷ ಜಾಣನ ಮನೆಯಲ್ಲೂ ಸಾಲದೆ ಹೋಗುತ್ತದೆ. ಅದಕ್ಕೇ ಎರಡನ್ನೂ ಬಿಟ್ಟು, ಸಾಧಾರಣ ವರ್ಷದಲ್ಲಿ ಆ ಮನೆಯ ಸ್ಥಿತಿ ಹೇಗಿರುತ್ತದೆ ಅಂತ ನೋಡಬೇಕು ಅಂದೆ. ಎಲ್ಲರೂ ತಲೆಯಾಡಿಸಿದರು. ನನಗೆ ಹೆಮ್ಮೆಯಾಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಸದಸ್ಯೆಯೊಬ್ಬರು ಎದ್ದು ಕೇಳಿದರು. "ಆ ಸಾದಾರಣ ವರ್ಸ ಯಾವಾಗ ಬಂದಿತ್ತು ಸಾ?"

ಅದು ಹಾಗೆ ಬರುವುದಿಲ್ಲ ತಾಯಿ, ಹಿಂದಿನ ವರ್ಷಗಳನ್ನೆಲ್ಲ ಸೇರಿಸಿ ನಾವೇ ಲೆಕ್ಕ ಹಾಕಿಕೊಳ್ಳುತ್ತೇವೆ ಅಂದೆ. ಮದುವೆಯಾಗಿ ಬಂದ ಮೇಲೆ ತಾವು ಕಂಡಿದ್ದು ಒಂದೋ ಮಳೆ ಹೆಚ್ಚಾದ ವರ್ಷ, ಇಲ್ಲಾ ಮಳೆ ಹೋದ ವರ್ಷ, ನಡುವಿನದ್ದನ್ನು ಕಂಡೇ ಇಲ್ಲ ಅಂದರು ಆಕೆ. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರೂ ಇದೇ ಜಾಗದಲ್ಲಿ ಎಡವುತ್ತಾರೆ ಅಂತ ಒಪ್ಪಿಕೊಂಡೆ. ಊಟದ ಹೊತ್ತಿನಲ್ಲಿ ಆಕೆ ನನ್ನ ಫೋನ್ ನಂಬರು ಬರೆಸಿಕೊಂಡು, ಅಂಥ ವರ್ಷ ಬಂದರೆ ತಿಳಿಸಿ, ನೋಡಬೇಕು ಅಂದರು. ನಾನು ತಿಳಿಸಲಿಲ್ಲ ಅಂತ ಈಗ ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಅವರೇ ಫೋನ್ ಮಾಡುತ್ತಾರೆ: "ಬಂತಾ ಸಾ?"

೩. ಕಬ್ಬಿನ ಹಾಲು

ಕೆ.ಆರ್. ಪೇಟೆಯಲ್ಲಿ ನಾನಿದ್ದ ಮನೆಯ ಎದುರು ಒಬ್ಬ ಕಬ್ಬಿನ ಹಾಲಿನ ಅಂಗಡಿ ಇಟ್ಟಿದ್ದ. ಮಳೆಗಾಲದಲ್ಲಿ ಗಿರಾಕಿಯಿಲ್ಲದೆ ಸಂಜೆಯೆಲ್ಲ ನನ್ನ ಹತ್ತಿರ ಮಾತಾಡುತ್ತ ಕೂರುತ್ತಿದ್ದ. ಕಾಲಕ್ಕೆ ತಕ್ಕಂತೆ ಬಂದು ಹೋಗುವ ಕೊರತೆ ಒಂದು, ಯಾವ ಕಾಲಕ್ಕೂ ಕದಲದೆ ಬೇರೂರಿದ ಕೊರತೆ ಇನ್ನೊಂದು ಅಂತ ಅವನಿಗೂ ಹೇಳಿದೆ. ಅವನು ಅದನ್ನು ಅದೇ ಸಂಜೆ ಹೆಂಡತಿಯ ಮುಂದೆ ಒಪ್ಪಿಸಿದ. ನಮ್ಮದು ಮಳೆಗಾಲದ ಕೊರತೆ, ಬೇಸಿಗೆ ಬಂದರೆ ತಾನಾಗಿ ಹೋಗುತ್ತದೆ, ಮೇಷ್ಟ್ರೇ ಹೇಳಿದ್ದಾರೆ ಅಂದ. ಆಕೆ ನಂಬಿ ಬೇಸಿಗೆಗೆ ಕಾದಳು.

ಬೇಸಿಗೆ ಬಂತು. ಅಂಗಡಿಯ ಮುಂದೆ ಜನವೋ ಜನ. ಆದರೆ ಮನೆಗೆ ಬರುವ ದುಡ್ಡು ಮಳೆಗಾಲದಷ್ಟೇ. ಆಕೆ ಒಂದು ದಿನ ಹೋಗಿ ನೋಡಿದರೆ, ಬೆಂಚಿನ ಮೇಲೆ ಕೂತಿದ್ದ ಆರು ಜನರಲ್ಲಿ ನಾಲ್ವರು ಗಂಡನ ಸ್ನೇಹಿತರು, ಲೋಟ ಖಾಲಿ ಮಾಡಿ ರಾಜಕೀಯ ಮಾತಾಡುತ್ತಿದ್ದಾರೆ. ಬರೀ ಮಾತಿಗೆ ಹಾಲು ಸುರಿಯುತ್ತಿದ್ದಾನೆ ಇವನು. ಆಕೆ ರಸ್ತೆ ದಾಟಿ ನೇರ ನನ್ನ ಬಾಗಿಲಿಗೆ ಬಂದಳು.

"ಮಳೆ ಹೋಯ್ತು, ಕೊರತೆ ಹೋಗ್ನಿಲ್ಲ ಮೇಷ್ಟ್ರೇ. ಅಂಗಾದ್ರೆ ನೀವು ಹೇಳಿದ್ರಲ್ಲ, ಬೇರು ಬುಟ್ಟಿರೋ ಕೊರತೆ, ಅಗೋ ಅಲ್ಲಿ ಕುಂತದೆ."

ಗಲ್ಲಾದ ಹಿಂದೆ ಗಂಡ ಕೂತಿದ್ದ. ಮರುದಿನದಿಂದ ಗಲ್ಲಾಕ್ಕೆ ಆಕೆ ಕೂತಳು, ಅವನು ಕಬ್ಬು ಸುಲಿಯಲು ನಿಂತ. ಅಂಗಡಿ ಈಗಲೂ ಚೆನ್ನಾಗಿ ನಡೆಯುತ್ತಿದೆ. ಆ ಕಡೆ ಹೋದಾಗ ಹಾಲು ಕುಡಿದು ನಾನು ಹೊರಟರೆ ಆಕೆ ದುಡ್ಡಿಗೆ ಕೈ ಚಾಚುತ್ತಾಳೆ. ಪಾಠ ಹೇಳಿಕೊಟ್ಟ ಗುರು ಅನ್ನುವ ರಿಯಾಯಿತಿಯೂ ಇಲ್ಲ.

೪. ಹಬ್ಬದ ತೂಕ

ಪಾಂಡವಪುರದಲ್ಲಿ ದಸರಾ ರಜೆ ಮುಗಿದ ವಾರ ಡಾಕ್ಟರ ಹತ್ತಿರ ಹೋಗಿದ್ದೆ. ತೂಕ ನಾಲ್ಕು ಕಿಲೋ ಏರಿತ್ತು. ಇದು ಹಬ್ಬದ ಏರಿಕೆ, ಗೌರಿಯಿಂದ ಮಹಾನವಮಿವರೆಗಿನದನ್ನು ಕಳೆದು ನೋಡಿದರೆ ನನ್ನ ನಿಜವಾದ ತೂಕ ಹೆಚ್ಚಿಲ್ಲ ಅಂತ ಅವರಿಗೆ ವಿವರಿಸಿದೆ. ಡಾಕ್ಟರು ತಾಳ್ಮೆಯಿಂದ ಕೇಳಿ, ಹಳೆಯ ಚೀಟಿ ತೆಗೆದು ನೋಡಿದರು. ಹೋದ ಸಲ ಸಂಕ್ರಾಂತಿ ಅಂದಿದ್ದಿರಿ, ಅದರ ಹಿಂದೆ ಭಾಮೈದನ ಮದುವೆ ಅಂದಿದ್ದಿರಿ ಅಂದರು. ಆಮೇಲೆ ನರ್ಸಿಗೆ ಹೇಳಿದರು: "ಇವರಿಗೆ ಹಬ್ಬ ಇಲ್ಲದ ದಿನ ಯಾವುದು ಅಂತ ಕ್ಯಾಲೆಂಡರಲ್ಲಿ ಹುಡುಕಮ್ಮ, ಅವತ್ತು ಬರಲಿ."

೫. ಹೆಚ್ಚುವರಿ

ನಿವೃತ್ತಿಯಾಗಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಮೇಲೆ ನಮ್ಮ ಬೀದಿಯ ಸಂಘದವರು ನನ್ನನ್ನು ಖಜಾಂಚಿ ಮಾಡಿದರು. ಮುಂಚಿನ ಖಜಾಂಚಿ ರೈಲ್ವೆಯಿಂದ ನಿವೃತ್ತರಾದವರು. ತಮ್ಮನ್ನು ತೆಗೆದು ನನ್ನನ್ನು ಹಾಕಿದ್ದು ಅವರಿಗೆ ಸಂಕಟ. ಸಂಘಕ್ಕಿದ್ದ ಆದಾಯ ಒಂದೇ, ನಾಮಕರಣ, ಆರತಕ್ಷತೆಗಳಿಗೆ ಬಾಡಿಗೆಗೆ ಕೊಡುವ ಸಣ್ಣ ಛತ್ರ. ಆ ವರ್ಷ ಒಳ್ಳೆಯ ಮುಹೂರ್ತಗಳು ಕಡಿಮೆಯಾಗಿ ಛತ್ರ ಖಾಲಿ ಬಿತ್ತು. ಖರ್ಚು ಮಾತ್ರ ಎಂದಿನಂತೆ. ವಾರ್ಷಿಕ ಸಭೆಯಲ್ಲಿ ಹಳೆಯ ಖಜಾಂಚಿ ಎದ್ದು, ಅರ್ಥಶಾಸ್ತ್ರ ಓದಿದವರ ಕೈಗೆ ಕೊಟ್ಟು ಸಂಘ ಮುಳುಗಿತು, ರಾಜೀನಾಮೆ ಕೊಡಲಿ ಅಂದರು.

ಮೂವತ್ತು ವರ್ಷದ ಮರ್ಯಾದೆಯ ಪ್ರಶ್ನೆ. ನಾನು ಬೋರ್ಡು ತರಿಸಿದೆ. ಮುಹೂರ್ತಗಳ ಏರಿಳಿತ ಕಳೆದು, ಸಾಧಾರಣ ವರ್ಷಕ್ಕೆ ಹೊಂದಿಸಿ, ಅರ್ಧ ಗಂಟೆ ಲೆಕ್ಕ ಮಾಡಿ ತೋರಿಸಿದೆ. ಕಣ್ಣಿಗೆ ಕಾಣುವುದು ಕೊರತೆ, ಆದರೆ ನಿಜವಾಗಿ ನೋಡಿದರೆ ನಮ್ಮದು ಹನ್ನೆರಡು ಸಾವಿರ ಹೆಚ್ಚುವರಿ ಅಂದೆ. ಚಪ್ಪಾಳೆ ಬಿತ್ತು.

ಆಗ ತೆಂಗಿನಕಾಯಿ ಮಂಡಿಯ ಯಜಮಾನರು, ಎಂಬತ್ತು ದಾಟಿದವರು, ಕೋಲೂರಿ ಎದ್ದರು. "ಮೇಷ್ಟ್ರು ಓದ್ಕೊಂಡವ್ರು, ಸುಳ್ಳು ಯೋಳಾಕಿಲ್ಲ. ಹನ್ನೆರಡು ಸಾವ್ರ ಮಿಕ್ಕದೆ ಅಂದ್ಮೇಲೆ ಮಿಕ್ಕದೆ. ಅದ್ರಲ್ಲಿ ಭಾನ್ವಾರ ಎಲ್ರಿಗೂವೆ ಒಬ್ಬಟ್ಟಿನ ಊಟ ಹಾಕ್ಸಿ."

ನನ್ನನ್ನು ಇಳಿಸಲು ಬಂದಿದ್ದ ಹಳೆಯ ಖಜಾಂಚಿಯೇ ಮೊದಲು ಕೈಯೆತ್ತಿ ಅನುಮೋದಿಸಿದರು. ಅಯ್ಯಾ, ಅದು ಲೆಕ್ಕದ ಹೆಚ್ಚುವರಿ, ಪೆಟ್ಟಿಗೆಯಲ್ಲಿರುವ ದುಡ್ಡಲ್ಲ ಅಂತ ಎಷ್ಟು ಹೇಳಿದರೂ ಆಗಲಿಲ್ಲ. ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಬೋರ್ಡಿಗೆ ಹೇಗೆ ಬಂತು ಅಂತ ಯಜಮಾನರು ಕೇಳಿದರು. ಲೆಕ್ಕ ಸುಳ್ಳು ಅಂದರೆ ಖಜಾಂಚಿ ಪಟ್ಟ ಹೋಗುತ್ತದೆ, ನಿಜ ಅಂದರೆ ಊಟ ಹಾಕಿಸಬೇಕು. ಪಿಂಚಣಿಯಿಂದ ತೆಗೆದು ಭಾನುವಾರ ಊಟ ಹಾಕಿಸಿದೆ. ನನ್ನ ಹೆಂಡತಿ ಬೀದಿಗೆಲ್ಲ ಸಂಭ್ರಮದಿಂದ ತುಪ್ಪ ಬಡಿಸಿದಳು. ಹಳೆಯ ಖಜಾಂಚಿ ಐದು ಒಬ್ಬಟ್ಟು ತಿಂದು ನನ್ನ ಜೊತೆ ರಾಜಿಯಾದರು. ನಿಜ ಹೇಳಬೇಕೆಂದರೆ, ಅಷ್ಟು ಜನ ಉಂಡು ತೃಪ್ತಿಯಾಗಿದ್ದು ನೋಡಿ ನನಗೂ ಖುಷಿಯಾಗಿತ್ತು.

ಕೈ ತೊಳೆದು ಬಂದ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಊಟ ಸಂದಾಗಿತ್ತು ಮೇಷ್ಟ್ರೇ. ಮುಂದಿನ ವರ್ಸ ಕೊರತೆ ಇನ್ನೊಸಿ ಜಾಸ್ತಿ ಮಾಡಿ, ಬಾಡೂಟಾನೇ ಮಾಡಾಣ."